ಎದ್ದು ಹೊರಟವರು

ಹದಿನೇಳನೆಯ ಚಿತ್ರವನ್ನು ತೆಗೆದುಹಾಕಬೇಕೆಂದು ಅವಳು ಬೆಳಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದಳು. ಈಗ ಮಧ್ಯಾಹ್ನ ಮೂರೂವರೆ. ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ, ಎಲ್ಲ ಕುರ್ಚಿಗಳಿಗಿಂತ ಹಿಂದೆ, ಗೋಡೆಗೆ ಒರಗಿಸಿದ ಸಣ್ಣ ಮೇಜಿನ ಮುಂದೆ ಕೂತು, ಕಂಪ್ಯೂಟರಿನಲ್ಲಿ ಅದೇ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ ನೋಡುತ್ತಿದ್ದಳು, ತೆಗೆದಿರಲಿಲ್ಲ. ಚಿತ್ರದಲ್ಲಿ ಸಮುದ್ರವಿತ್ತು. ಸಮುದ್ರದ ಮುಂದೆ ಒಂಬತ್ತು ವರ್ಷದ ಹುಡುಗಿ, ಒಂದು ಕೋರೆಹಲ್ಲಿಲ್ಲದ ಬಾಯನ್ನು ಕಿವಿವರೆಗೆ ತೆರೆದು ನಗುತ್ತಿದ್ದಳು. ಆ ಹುಡುಗಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತನ್ನದೇ ಮುಖ ಎಂಬ ಸಲಿಗೆಯಿಂದ ಹದಿನಾರು ವರ್ಷ ತನ್ನೊಳಗೇ ಬಿಟ್ಟಿ ಊಟ ಮಾಡಿಕೊಂಡು ಉಳಿದುಬಿಟ್ಟ ನೆಂಟರ ಹುಡುಗಿಯಂತೆ ಕಾಣುತ್ತಿದ್ದಳು. ಕಪಾಳಕ್ಕೆ ಒಂದು ಕೊಟ್ಟು, ಬಾಯಿ ಮುಚ್ಚು ಎನ್ನಬೇಕು. ಆದರೆ ಉಗುರಿನಷ್ಟು ಮುಖದಲ್ಲಿ ಕಪಾಳ ಎಲ್ಲಿದೆ ಎಂದು ಹುಡುಕುವುದು.

ಅಪ್ಪನ ಹನ್ನೆರಡನೆಯ ಉಪನ್ಯಾಸ ಇದು. ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರು ಓದಿದ ಅಪ್ಪ, ನಿವೃತ್ತನಾದ ಮೇಲೆ ಹೀಗೆ ಭಾನುವಾರಗಳಲ್ಲಿ ಮಾತಾಡುತ್ತಿದ್ದ. ಒಂದೇ ಚೀಲ ಹೊತ್ತು ಊರೂರು ತಿರುಗಿದ್ದಕ್ಕೆ ಜನ ಅವನನ್ನು ಒಂದು ಚೀಲದ ಯಜಮಾನರು ಎನ್ನುತ್ತಿದ್ದರು. ಕೆಳಗೆ ಬಾಗಿಲಿಗೆ ಅಂಟಿಸಿದ ಪ್ರಕಟಣೆಯಲ್ಲಿ ‘ಎದ್ದೆ, ಹೊರಟೆ: ಕಡಿಮೆ ಖರ್ಚಿನ ಪ್ರವಾಸಕ್ಕೆ ನನ್ನ ಅನುಭವದ ಸಲಹೆಗಳು’ ಎಂದಿತ್ತು. ಅನುಭವವಂತೆ. ಯಾರ ಅನುಭವ. ಬೆಳಗ್ಗೆ ಅಪ್ಪ ಜಗಲಿಯಲ್ಲಿ ಕೂತು ಶೂಗೆ ಬಣ್ಣ ತಿಕ್ಕುತ್ತಿದ್ದಾಗ ಅವಳು ಹೋಗಿ ನಿಂತಿದ್ದಳು.

“ಅಪ್ಪ, ಇವತ್ತು ಆ ಸೀಟಿನ ಕತೆ ಬೇಡ.”

“ಜನ ನಗೋದೇ ಅಲ್ಲಿ ಕಣೇ. ಅದನ್ನ ತೆಗೆದ್ರೆ ಉಳಿಯೋದೇನು, ಬಸ್ಸಿನ ವೇಳಾಪಟ್ಟಿ.”

“ಅಮ್ಮನ ವಿಷಯ ಅದು.”

“ನಿಮ್ಮಮ್ಮ ಎಲ್ಲಿ ಬರ್ತಾಳೆ ಕೇಳೋಕೆ,” ಎಂದು ಅಪ್ಪ ಶೂವನ್ನು ಬೆಳಕಿಗೆ ಹಿಡಿದು ತನ್ನ ಮೂಗು ಅದರಲ್ಲಿ ಕಾಣುತ್ತದೆಯೇ ಎಂದು ನೋಡಿದ್ದ. ಆ ನೆಮ್ಮದಿ. ಅದನ್ನು ಕಂಡು ಅವಳಿಗೆ ಬಣ್ಣದ ಡಬ್ಬಿಯನ್ನು ಎತ್ತಿ ರಸ್ತೆಗೆಸೆಯಬೇಕೆನಿಸಿತ್ತು. ಎಸೆಯಲಿಲ್ಲ. ಮುಚ್ಚಳ ಹುಡುಕಿ ಮುಚ್ಚಿಟ್ಟಳು. ಅವಳ ಸಿಟ್ಟೆಲ್ಲ ಹೀಗೇ, ಯಾವುದೋ ಮುಚ್ಚಳ ಹುಡುಕುವುದರಲ್ಲಿ ಮುಗಿಯುತ್ತಿತ್ತು. ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ ದಿನವಿಡೀ ಗಾಜಿನ ಅಂಚು ಉಜ್ಜುವ ಅವಳ ಕೈಗೆ, ಚೌಕಟ್ಟಿಗೆ ಕೂರುವವರೆಗೆ ಎಲ್ಲವನ್ನೂ ಸವೆಸುವುದೇ ಅಭ್ಯಾಸವಾಗಿತ್ತು.

ಇದನ್ನೇ ನೆನೆಯುತ್ತಿದ್ದಾಗ ಅಮ್ಮ ಸಭಾಂಗಣದೊಳಗೆ ಬಂದಳು. ಬಾಗಿಲಲ್ಲಿ ಮೊದಲು ಪಕ್ಕದ ಮನೆಯ ಹೊಲಿಗೆಯಾಕೆ ಕಂಡಳು, ಅವಳ ಬೆನ್ನಿಗೆ ಅಂಟಿಕೊಂಡಂತೆ ಅಮ್ಮ. ಹನ್ನೊಂದು ಉಪನ್ಯಾಸಗಳಿಗೆ ಬಾರದಿದ್ದ ಅಮ್ಮ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು, ಎರಡೂ ಕೈಯಲ್ಲಿ ಕೈಚೀಲದ ಹಿಡಿ ಹಿಡಿದು, ವೈದ್ಯರ ಕೋಣೆಗೆ ಬಂದವಳಂತೆ ಸುತ್ತ ನೋಡುತ್ತಿದ್ದಳು.

“ಹಿಂದೇನೇ ಕೂರೋಣ,” ಎಂದಳು ಹೊಲಿಗೆಯಾಕೆ. “ಮುಂದೆ ಕೂತ್ರೆ ಯಜಮಾನರು ಹೆಂಡತಿ ಮುಖ ನೋಡಿ ಮಾತು ಮರೀತಾರೆ.”

“ಇಷ್ಟು ವರ್ಷ ನೋಡಿ ಮರೆತಿದ್ದೇನೂ ಕಾಣೆ,” ಎಂದಳು ಅಮ್ಮ.

ಅವರಿಬ್ಬರೂ ಅವಳ ಮೇಜಿನ ಮುಂದಿನ ಸಾಲಿನಲ್ಲೇ ಕೂತರು. ಅಮ್ಮನ ಕತ್ತು ಕೈಗೆಟುಕುವಷ್ಟು ಹತ್ತಿರ. “ನೀನ್ಯಾಕೆ ಬಂದೆ?” ಎಂಬ ಮಾತು ಅವಳ ಬಾಯಿಂದ ಬಿದ್ದುಹೋಯಿತು, ಅಂದುಕೊಂಡಿದ್ದಕ್ಕಿಂತ ಒರಟಾಗಿ. ಅಮ್ಮ ತಿರುಗಿ ನೋಡಿದಳು. “ಯಾಕೆ, ನಾನು ಬರಬಾರ್ದಿತ್ತಾ?” ಎಂದಳು, ಅಷ್ಟೆ, ಮತ್ತೆ ಮುಂದಕ್ಕೆ ತಿರುಗಿದಳು. ಅವಳು ಕಂಪ್ಯೂಟರಿನ ಬಿಸಿ ಬೆನ್ನ ಮೇಲೆ ಕೈಯಿಟ್ಟು ಕೂತಳು. ಒಂದು ಸಲ ಅಲ್ಲ, ಎರಡು ಸಲ. ಒಂದೇ ಜನ್ಮದಲ್ಲಿ ಒಂದೇ ಹೆಂಗಸಿಗೆ ಎರಡು ಸಲ ಅದನ್ನೇ ಹೇಳಿದಂತಾಯಿತು.

ಗ್ರಂಥಪಾಲಕ ದೀಪ ಆರಿಸಲು ಸನ್ನೆ ಮಾಡಿದ. ದೀಪದ ಗುಂಡಿ ಅವಳ ಪಕ್ಕದ ಗೋಡೆಯಲ್ಲೇ ಇತ್ತು. ಕತ್ತಲಾಯಿತು, ಪರದೆ ಬೆಳಗಿತು, ಅಪ್ಪ ಗಂಟಲು ಸರಿಮಾಡಿಕೊಂಡ.

“ಮೊದಲನೇ ಸಲಹೆ. ಯೋಚನೆ ಮಾಡ್ಬೇಡಿ. ನಿಲ್ದಾಣಕ್ಕೆ ಹೋಗಿ, ಮೊದಲು ಹೊರಡೋ ಬಸ್ ಹತ್ತಿ. ಯೋಚನೆ ಮಾಡೋಕೆ ಶುರು ಮಾಡಿದ್ರೆ ಅದು ಪ್ರವಾಸ ಅಲ್ಲ, ಮದುವೆ.” ನಲವತ್ತು ಜನ ನಕ್ಕರು. ಅಮ್ಮನ ಕತ್ತೂ ನಕ್ಕಿತು. ಅವಳು ಗುಂಡಿ ಒತ್ತಿದಳು, ಪರದೆಯ ಮೇಲೆ ಒಂದು ಬೆಟ್ಟ ಬಂತು. ಆ ಬೆಟ್ಟಕ್ಕೆ ಹೋದ ದಿನ ಅವಳಿಗೆ ಪರೀಕ್ಷೆಯಿತ್ತು. ಅಪ್ಪ ಶಾಲೆಯ ಗೇಟಿನಲ್ಲಿ ನಿಂತು “ನಡಿ” ಎಂದಿದ್ದ, ಅವಳು ನಡೆದಿದ್ದಳು. ಕುಣಿಯುತ್ತಾ ನಡೆದಿದ್ದಳು ಎಂಬುದೇ ಈಗ ಸಿಟ್ಟು ಬರಿಸುವ ಮಾತು. ಅಮ್ಮನ ಅಮ್ಮ ಬದುಕಿದ್ದಷ್ಟು ದಿನ ಅವಳಿಗೆ ಹೇಳಿದ ಕತೆಗಳಲ್ಲಿ ಹೊರಡುವವರೆಲ್ಲ ಹೀಗೇ ಹೊರಡುತ್ತಿದ್ದರು, ಬೆಳಗಾಗುವುದರೊಳಗೆ, ಹೇಳದೆ ಕೇಳದೆ. ರಾಣಿ ಬಾಗಿಲಲ್ಲಿ ನಿಂತು ಬುತ್ತಿ ಕಟ್ಟಿಕೊಡುತ್ತಿದ್ದಳು. ಕುದುರೆ ಏಳು ಸಮುದ್ರ ದಾಟುತ್ತಿತ್ತು, ಮಂತ್ರದ ಮುದುಕಿ ಮಂಚ ಹಾಕಿಕೊಡುತ್ತಿದ್ದಳು, ಹಣ್ಣು ಕೇಳಿದರೆ ಮರವೇ ಬಾಗುತ್ತಿತ್ತು. ಬುತ್ತಿ ಕೊಟ್ಟ ರಾಣಿ ಆಮೇಲೆ ಏನು ಮಾಡಿದಳು ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ಅಜ್ಜಿಗೂ ಗೊತ್ತಿರುತ್ತಿರಲಿಲ್ಲವೇನೋ. ಕತೆ ಕುದುರೆಯ ಹಿಂದೆ ಹೋಗಿಬಿಡುತ್ತಿತ್ತು.

“ಎರಡನೇದು. ರಾತ್ರಿ ಪ್ರಯಾಣ ಮಾಡಿ, ರೂಮಿನ ಖರ್ಚಿಲ್ಲ. ಬಸ್ಸೇ ಹಾಸಿಗೆ, ಕಿಟಕಿಯೇ ದಿಂಬು.” ಹೌದು, ಅಪ್ಪ ಮಲಗುತ್ತಿದ್ದ. ಚೀಲದ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಎಚ್ಚರವಾಗಿ ಕೂರುತ್ತಿದ್ದವಳು ಇವಳು. “ಮೂರನೇದು, ಇದನ್ನ ಹೊರಗೆ ಹೇಳ್ಬೇಡಿ. ಮಗು ಜೊತೆಗಿದ್ರೆ ಮಂಡಿ ಮಡಚೋಕೆ ಕಲಿಸಿ.” ಮತ್ತೆ ನಗು. ಎಂಟು ವರ್ಷಕ್ಕೆ ಅವಳು ಉದ್ದನೆಯ ಲಂಗದೊಳಗೆ ಮಂಡಿ ಮಡಚಿ ನಿಂತಿದ್ದಳು, ನಿರ್ವಾಹಕ ಬಗ್ಗಿ, ನಿನಗೆಷ್ಟು ವರ್ಷ ಪಾಪು ಎಂದಿದ್ದ, ಐದು ಎಂದಿದ್ದಳು, ಟಿಕೆಟ್ಟಿಲ್ಲದ ವಯಸ್ಸು. ಅವನು ಅವಳ ಮುಖ ನೋಡಿದ, ಲಂಗದ ಕೆಳಗೆ ಬಾಗಿದ್ದ ಕಾಲು ನೋಡಿದ, ಏನೂ ಹೇಳದೆ ಮುಂದಿನ ಸೀಟಿಗೆ ಹೋದ. ಬೈದಿದ್ದರೆ ಒಳ್ಳೆಯದಿತ್ತು. ಆ ಏನೂ ಹೇಳದಿರುವಿಕೆ ಇನ್ನೂ ಅವಳ ಮಂಡಿಯಲ್ಲಿ ನೋಯುತ್ತಿತ್ತು. ಸಭೆಯಲ್ಲಿ ಯಾರೋ ಹಿಂತಿರುಗಿ, ಇದೇನಾ ಆ ಮಂಡಿ ಎಂಬಂತೆ ಅವಳತ್ತ ನೋಡಿ ಹಲ್ಲು ಬಿಟ್ಟರು. ಅವಳು ಹದಿನೇಳನೆಯ ಚಿತ್ರವನ್ನು ಆರಿಸಿ, ಅಳಿಸಿದಳು. ಖಚಿತವೇ ಎಂದು ಕಂಪ್ಯೂಟರು ಕೇಳಿತು. ಖಚಿತ ಎಂದು ಒತ್ತಿದಳು. ಎಷ್ಟು ಸಲೀಸು ಎನಿಸಿತು. ಹುಡುಗಿ ಹೋದಳು, ಸಮುದ್ರ ಹೋಯಿತು, ಬೆವರಿದ ಬೆರಳು ಉಳಿಯಿತು.

ಅಪ್ಪ ಚೀಲದ ಸಲಹೆ ಮುಗಿಸಿ, “ಐದನೇದು, ಎಲ್ಲಕ್ಕಿಂತ ಮುಖ್ಯ, ಎಷ್ಟು ಜನ ಹೋಗ್ಬೇಕು,” ಎಂದ. “ಒಬ್ರಾದ್ರೆ ಬೇಜಾರು, ಇಬ್ರಾದ್ರೆ ಪ್ರವಾಸ, ಮೂವರಾದ್ರೆ ಮೆರವಣಿಗೆ.” ಸನ್ನೆ ಮಾಡಿದ. ಅವಳು ಒತ್ತಿದಳು. ಪರದೆಯ ಮೇಲೆ ಹದಿನೆಂಟನೆಯ ಚಿತ್ರ, ಖಾಲಿ ದೋಣಿಯೊಂದು ದಡಕ್ಕೆ ಕಟ್ಟಿದ್ದು, ಅದರಾಚೆ ನೀರು. ಅಪ್ಪ ತಿರುಗಿ ನೋಡಿದ, ಅರೆಕ್ಷಣ ತಡವರಿಸಿದ. ಆ ಅರೆಕ್ಷಣ ಅವಳಿಗೆ ಗೆದ್ದೆ ಅನ್ನಿಸಿತು. “ಯಂತ್ರಕ್ಕೂ ನಾಚಿಕೆ ಆಗೋಯ್ತು ನೋಡಿ,” ಎಂದ ಅಪ್ಪ, “ಇರ್ಲಿ, ಬಾಯಲ್ಲೇ ಹೇಳ್ತೀನಿ.” ಹೇಳಿಯೇ ಹೇಳಿದ. ಸಮುದ್ರದ ಊರಿಗೆ ಹೊರಟ ಬೆಳಗು, ಬಸ್ಸಿನಲ್ಲಿ ಉಳಿದದ್ದು ಎರಡೇ ಸೀಟು, ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ. “ಕೇಳ್ದೆ, ಯಾರು ಬರ್ತೀರಿ? ನನ್ನ ಮಾತು ಮುಗಿಯೋಕೆ ಮುಂಚೆ ಮಗಳು ಕಿಟಕಿ ಪಕ್ಕ ಕೂತಾಗಿತ್ತು. ಹೆಂಡತಿ ಅಲ್ಲಿಂದಲೇ ಟಾಟಾ.” ಅಪ್ಪ ಅಮ್ಮನ ಹಾಗೆ, ಗೊಂಬೆಯ ಹಾಗೆ ಕೈಯಾಡಿಸಿ ತೋರಿಸಿದ. ಸಭೆ ನಕ್ಕಿತು, ಕುರ್ಚಿಗಳು ನಕ್ಕವು. ಅಮ್ಮನೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕಿಸಿ. ಹೊಲಿಗೆಯಾಕೆ ಅಮ್ಮನ ತೊಡೆಗೆ ಒಂದು ಪೆಟ್ಟು ಕೊಟ್ಟು, “ಪಾಪ ನೀನು,” ಎಂದಳು ನಗುತ್ತಲೇ. ಆ ನಗು ನೋಡಿ ಅವಳಿಗೆ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಅಮ್ಮನ ಕತ್ತಿನ ಮೇಲೆ ಬಂತು. ನಗಬೇಡ. ನಿನ್ನ ತಲೆಯ ಮೇಲೆ ಕಾಲಿಟ್ಟು ನಿಂತವರಿಗೆ ಜಾರಬಾರದೆಂದು ಕಾಲು ಹಿಡಿದುಕೊಡಬೇಡ.

“ಸೀಟಿತ್ತು,” ಎಂದಳು ಅವಳು. ಎದ್ದು ನಿಂತಿದ್ದಳು.

ಮುಂದಿನ ಸಾಲಿನ ಕಿವುಡು ಮುದುಕರೊಬ್ಬರು ಪಕ್ಕದವರನ್ನು ಕೇಳಿದರು, “ಏನಂದ್ಳು?”

“ಸೀಟಿತ್ತಂತೆ.”

“ಬೇಕಾದಷ್ಟು ಸೀಟಿತ್ತು,” ಎಂದಳು. ಧ್ವನಿ ತನ್ನದಲ್ಲವೆಂಬಂತೆ ಮುಂದೆ ಓಡುತ್ತಿತ್ತು. “ನಾವು ಬಸ್ಸಿನ ಹತ್ರ ಹೋಗಿರ್ಲೇ ಇಲ್ಲ. ಮನೆ ಗೇಟಿನ ಹತ್ರಾನೇ ಆಗಿದ್ದು. ಅಪ್ಪ ಅವತ್ತು ಅಮ್ಮಂಗೆ ನೀನೂ ಬಾ ಅಂದಿದ್ರು. ಅಮ್ಮ ಬಟ್ಟೆ ಬದಲಾಯಿಸಿ, ಕಿಟಕಿ ಹಾಕಿ, ಪಕ್ಕದ ಮನೆಗೆ ಕೀಲಿ ಕೊಟ್ಟು ಬಂದ್ಲು. ಹತ್ತು ನಿಮಿಷ ಆಯ್ತು ಅಷ್ಟೆ. ಆಗ ನಾನೇ ಹೇಳಿದ್ದು. ಯಾರೂ ನನ್ನ ಕೇಳಿರ್ಲಿಲ್ಲ. ಅಮ್ಮ ಬೇಡ ಅಪ್ಪ, ಅಮ್ಮ ಬಂದ್ರೆ ಮೆರವಣಿಗೆ ಆಗತ್ತೆ, ಅಂತ.”

ಅವಳಿಗೆ ಹಗುರವಾಯಿತು, ಹದಿನಾರು ವರ್ಷ ಮಡಚಿದ್ದ ಏನೋ ನೆಟ್ಟಗಾದಂತೆ. ಅಷ್ಟರಲ್ಲಿ ಬಲಗಡೆಯಿಂದ ಯಾರೋ ಫಕ್ಕನೆ ನಕ್ಕರು. ಇನ್ನೊಬ್ಬರು. “ಮೆರವಣಿಗೆ ಅಂದ್ಳಂತೆ,” ಎಂದು ಕಿವುಡರಿಗೆ ಕೇಳಿಸುವಂತೆ ಹೇಳಿದರು, ಕಿವುಡರೂ ನಕ್ಕರು. ಸೀಟಿನ ಕತೆಗೆ ಬಂದದ್ದಕ್ಕಿಂತ ದೊಡ್ಡ ನಗು. ಅಪ್ಪ ಎರಡೂ ಕೈ ಚಾಚಿ, “ನೋಡಿದ್ರಾ, ಒಂಬತ್ತು ವರ್ಷಕ್ಕೇ ನನ್ನ ಸಲಹೆ ಬಾಯಿಪಾಠ. ಮುಂದಿನ ಸಲ ಇವಳದೇ ಉಪನ್ಯಾಸ,” ಎಂದ. ಚಪ್ಪಾಳೆ. ಅವಳು ನಿಂತೇ ಇದ್ದಳು. ತಾನು ಕಕ್ಕಿದ್ದನ್ನು ತಟ್ಟೆಯಲ್ಲಿಟ್ಟು ಹಂಚಿದಂತಿತ್ತು. ಅಂದೂ ಹೀಗೇ, ಅಪ್ಪ ಗೇಟು ಹಿಡಿದುಕೊಂಡು ನಕ್ಕಿದ್ದ. ಅಮ್ಮನೂ ನಕ್ಕು, ಬುತ್ತಿಯನ್ನು ಇವಳ ಕೈಗಿಟ್ಟು, ಹೋಗಿ ಬನ್ನಿ ಎಂದಿದ್ದಳು. ರಸ್ತೆಯ ತಿರುವಿನಲ್ಲಿ ಹುಡುಗಿ ಒಮ್ಮೆ ಹಿಂತಿರುಗಿದ್ದಳು. ಹೊಸ ಬಟ್ಟೆಯ ಅಮ್ಮ ಪಕ್ಕದ ಮನೆಯ ಬಾಗಿಲ ಮುಂದೆ ನಿಂತಿದ್ದಳು, ಈಗಷ್ಟೇ ಕೊಟ್ಟ ಕೀಲಿಯನ್ನು ವಾಪಸು ಕೇಳಲು, ಬಾಗಿಲು ತಟ್ಟದೆ, ಕೈ ಎತ್ತಿಕೊಂಡು. ಆಮೇಲೆ ಹುಡುಗಿ ಸಮುದ್ರ ನೋಡಿ ಬಾಯಿ ತೆರೆದು ನಕ್ಕಳು.

ಅಮ್ಮ ಎದ್ದಳು. ಮಂಡಿಗಳನ್ನು ದಾಟಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಸಾಲಿನಿಂದಾಚೆ ಬಂದು, ಬಾಗಿಲು ತೆಗೆದು ಹೊರಗೆ ಹೋದಳು. ಹೊಲಿಗೆಯಾಕೆ ಹಿಂತಿರುಗಿ ಅವಳನ್ನು ನೋಡಿದ ನೋಟದಲ್ಲಿ ನಗುವಿರಲಿಲ್ಲ.

ಹೊರಗಿನ ಪಡಸಾಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಜೋಡಿಸಿದ ಕಬ್ಬಿಣದ ಕಪಾಟುಗಳು, ಕೊನೆಯಲ್ಲಿ ಕೈತೊಳೆಯುವ ಬೋಗುಣಿ. ಅಮ್ಮ ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಿದ್ದಳು, ತೊಳೆದೇ ತೊಳೆಯುತ್ತಿದ್ದಳು. ಅಮ್ಮ ಅಳುತ್ತಿರುತ್ತಾಳೆ, ತಾನು ಹೋಗಿ ಬೆನ್ನು ಮುಟ್ಟಬೇಕು, ಆಗ ಇಬ್ಬರೂ ಅಳಬಹುದು ಎಂದು ಅವಳು ಕಪಾಟುಗಳ ನಡುವೆ ನಡೆಯುತ್ತಲೇ ಅಂದುಕೊಂಡಿದ್ದಳು. ಅಮ್ಮನ ಮುಖ ಒಣಗಿತ್ತು.

“ಸಮಾಧಾನ ಆಯ್ತಾ?” ಎಂದಳು ಅಮ್ಮ.

“ಅಮ್ಮ, ನಾನು ಹೇಳ್ಬೇಕಿತ್ತು. ಎಷ್ಟು ವರ್ಷ ಆ ಸುಳ್ಳನ್ನ—”

“ಯಾರ ಸುಳ್ಳು?” ಅಮ್ಮ ನಲ್ಲಿ ನಿಲ್ಲಿಸಿದಳು. “ಸೀಟಿರ್ಲಿಲ್ಲ ಅನ್ನೋದು ನಿಮ್ಮಪ್ಪನ ಕತೆ ಅಂದ್ಕೊಂಡ್ಯಾ? ಅದು ನಂದು. ಕೀಲಿ ಕೇಳೋಕೆ ಹೋದ್ನಲ್ಲ, ಈ ಹೊಲಿಗೆಯೋಳು ಬಾಗಿಲು ತೆಗೆದು ಯಾಕೆ ಏನಾಯ್ತು ಅಂದ್ಲು. ನಾನು ಏನು ಹೇಳ್ಲಿ ಆಗ? ಹೆತ್ತ ಮಗಳು ಬೇಡ ಅಂದ್ಲು ಅಂತ ಹೇಳ್ಲಾ? ಬಸ್ಸಲ್ಲಿ ಸೀಟಿರ್ಲಿಲ್ಲ, ಎರಡೇ ಇತ್ತು ಅಂದೆ. ನಿಮ್ಮಪ್ಪ ವಾಪಸು ಬಂದ್ಮೇಲೆ ಅವಳ ಬಾಯಲ್ಲೇ ಕೇಳಿ ಕಲ್ತ್ಕೊಂಡ್ರು. ಅವರು ಹೇಳ್ತಾ ಹೇಳ್ತಾ ನಂಗೂ ಹಾಗೇ ಆಗಿತ್ತೇನೋ ಅನ್ನಿಸ್ತಿತ್ತು. ಸೀಟಿಲ್ಲ ಅಂದ್ರೆ ಯಾರೇನು ಮಾಡೋಕಾಗತ್ತೆ. ನಗ್ತಾರೆ, ಮುಗೀತು.”

“ನನಗೆ ಗೊತ್ತಿರ್ಲಿಲ್ಲ.”

“ನಿಂಗೆ ಗೊತ್ತಿರ್ಬೇಕು ಅಂತ ನಾನೂ ಹೇಳ್ಲಿಲ್ಲ. ಒಂಬತ್ತು ವರ್ಷದ ಕೂಸು ಅಂದಿದ್ದನ್ನ ನಾನು ಅವತ್ತು ಸಂಜೆಗೇ ಬಿಟ್ಟಿದ್ದೆ. ಇವತ್ತು ಇಪ್ಪತ್ತೈದು ನಿಂಗೆ. ನಿನ್ನ ಎದೆ ಹಗುರ ಮಾಡ್ಕೊಳೋಕೆ ನಲವತ್ತು ಜನರ ಮುಂದೆ ನನ್ನ ನಿಲ್ಸಿದ್ಯಲ್ಲ. ಅದೂ ಅವಳ ಪಕ್ಕದಲ್ಲಿ. ನಿಮ್ಮಪ್ಪ ನನ್ನ ಕೇಳ್ದೆ ನಗಿಸಿದ್ರು, ನೀನು ನನ್ನ ಕೇಳ್ದೆ ಮರ್ಯಾದೆ ಉಳಿಸೋಕೆ ಬಂದೆ. ಒಂದೇ ಗಾಡಿಯ ಎರಡು ಎತ್ತು ನೀವು.” ಅಮ್ಮನ ಕೈ ಒದ್ದೆಯಾಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸಲು ಏನೂ ಇರಲಿಲ್ಲ. ಅವಳು ತನ್ನ ಕರವಸ್ತ್ರ ಚಾಚಿದಳು. ಅಮ್ಮ ಅದನ್ನು ನೋಡಿ, ತೆಗೆದುಕೊಳ್ಳದೆ, ತನ್ನ ಹೊರಗೆ ಹೋಗುವ ಬಟ್ಟೆಗೇ ಕೈ ಒರೆಸಿಕೊಂಡಳು, ಬೇಕೆಂದೇ, ಎರಡು ಕಡೆಗೂ, ಅಡುಗೆಮನೆಯಲ್ಲಿ ಒರೆಸಿಕೊಳ್ಳುವಂತೆ. ಅವಳಿಗೆ ಹೇಳಲು ಸಿಟ್ಟಿನ ಮಾತೊಂದು ಬೇಕಿತ್ತು. ಎಲ್ಲ ಸಿಟ್ಟನ್ನೂ ಅವಳು ಅಮ್ಮನ ಪರವಾಗಿಯೇ ಕೂಡಿಟ್ಟಿದ್ದಳು. ಅಮ್ಮನೇ ಎದುರು ನಿಂತರೆ ಖರ್ಚು ಮಾಡಲು ಒಂದು ಚೂರೂ ಇರಲಿಲ್ಲ.

“ಮನೆಗೆ ಹೋಗೋಣ ಬಾ,” ಎಂದಳು.

“ಯಾಕೆ? ಇನ್ನೂ ಪ್ರಶ್ನೆ ಕೇಳೋದಿದೆಯಲ್ಲ,” ಎಂದು ಅಮ್ಮ ಸಭಾಂಗಣದ ಬಾಗಿಲು ತಳ್ಳಿದಳು.

ಒಳಗೆ ಗ್ರಂಥಪಾಲಕನೇ ಯಂತ್ರದ ಮುಂದೆ ಕೂತು ಬೆವರುತ್ತಿದ್ದ. ಅವಳನ್ನು ಕಂಡು ಬದುಕಿದೆ ಎಂದು ಎದ್ದ. ಪರದೆಯ ಮೇಲೆ ದೋಣಿಯೇ ನಿಂತಿತ್ತು. ಅಮ್ಮ ತನ್ನ ಜಾಗಕ್ಕೆ ಹೋಗಿ ಕೂತಳು. ಹೊಲಿಗೆಯಾಕೆ ಸ್ವಲ್ಪ ಸರಿದು, ಮೆಲ್ಲಗೆ ಅಂದದ್ದು ಹಿಂದೆ ಕೂತವಳಿಗೂ ಕೇಳಿಸಿತು: “ಅವತ್ತೇ ಗೊತ್ತಿತ್ತು ಕಣೆ. ಸೀಟಿಲ್ಲದೆ ಬಂದೋಳ ಮುಖ ಹಾಗಿರಲ್ಲ.” ಅಪ್ಪ “ಪ್ರಶ್ನೆ ಏನಾದ್ರೂ?” ಎಂದಾಗ ಅಮ್ಮ ಕೈ ಎತ್ತಿದಳು.

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ಅರೆ, ನೀನಾ? ಮನೇಲಿ ಕೇಳೋದು ಸಾಲ್ದು ಅಂತ ಇಲ್ಲಿಗೂ ಬಂದ್ಯಾ?” ಒಂದಿಬ್ಬರು ನಕ್ಕರು.

“ಪ್ರಶ್ನೆ ಕೇಳೋರ್ನ ನೀವು ಅನ್ಬೇಕು,” ಎಂದಳು ಅಮ್ಮ. “ಆ ಸಮುದ್ರದ ಊರಲ್ಲಿ ಹೆಂಗಸ್ರಿಗೆ ಸ್ನಾನಕ್ಕೆ ಬಾಗಿಲಿರೋ ಜಾಗ ಎಲ್ಲಿದೆ?”

“ಇಡೀ ಸಮುದ್ರಾನೇ ಇದೆಯಲ್ಲ.”

“ಬಾಗಿಲು ಅಂದೆ.”

ಈ ಸಲ ಯಾರೂ ನಗಲಿಲ್ಲ. ಅಪ್ಪ ಕತ್ತು ಕೆರೆದುಕೊಂಡ. ಅಲ್ಲಿ, ನಿಲ್ದಾಣದ ಹಿಂದೆ ಏನೋ ಇದ್ದ ಹಾಗಿತ್ತು ಎಂದ.

“ಒಬ್ಳೇ ಹೆಂಗಸು ಹೋಗಿ ಕೇಳಿದ್ರೆ ರೂಮು ಕೊಡ್ತಾರಾ?”

“ಕೊಡ್ತಾರೇನೋ. ನಾವು ನಿಲ್ದಾಣದ ಬೆಂಚಲ್ಲೇ...” ಅಪ್ಪ ಆ ಊರಿಗೆ ಎಂಟು ಸಲ ಹೋಗಿದ್ದ. ಯಾವ ಬೆಂಚಿಗೆ ಬೆಳಗಿನ ಬಿಸಿಲು ಬೀಳುವುದಿಲ್ಲ ಎಂದು ಗೊತ್ತಿತ್ತು.

ನಡುವಿನ ಸಾಲಿನಿಂದ ಒಬ್ಬ ದಾದಿ, ಕೆಲಸದ ಬಿಳಿ ಬಟ್ಟೆಯಲ್ಲೇ ಬಂದಿದ್ದವಳು, ಹಿಂತಿರುಗಿದಳು. “ಕೊಡಲ್ಲಮ್ಮ. ಯಜಮಾನರು ಎಲ್ಲಿ ಅಂತಾರೆ. ನೀವು ಹಳೇ ಹಡಗುಕಟ್ಟೆ ಹತ್ರ ಹೋಗಿ, ನಮ್ಮ ದಾದಿಯರ ವಸತಿಗೃಹ ಇದೆ. ಮಹಡಿ ಮೇಲೆ ಎರಡು ಕೋಣೆ ಹೊರಗಿನೋರಿಗೆ ಕೊಡ್ತಾರೆ. ಫೋನು ಮಾಡ್ಬೇಡಿ, ಫೋನಲ್ಲಿ ಇಲ್ಲ ಅಂತಾರೆ. ಬಾಗಿಲಿಗೆ ಹೋಗಿ ನಿಂತ್ಕೊಂಡ್ರೆ ಇಲ್ಲ ಅನ್ನಲ್ಲ.”

“ಬಸ್ಸಲ್ಲಿ ಚಾಲಕನ ಹಿಂದಿನ ಸೀಟು ಹಿಡಿ,” ಎಂದಳು ಹೊಲಿಗೆಯಾಕೆ. “ಬಟ್ಟೆ ತರೋಕೆ ನಾನು ಹಾಗೇ ಹೋಗೋದು. ಕುಲುಕಲ್ಲ, ಮೈಮೇಲೆ ಬೀಳೋರೂ ಇರಲ್ಲ. ಮಧ್ಯದ ನಿಲುಗಡೇಲಿ ನೀರು ಕುಡೀಬೇಡ, ಅಲ್ಲಿ ಹೋಗೋಕೆ ಜಾಗ ಇಲ್ಲ.”

“ನಿಧಾನ, ನಿಧಾನ,” ಎಂದು ಅಮ್ಮ ಕೈಚೀಲದಿಂದ ಮಡಚಿದ ಪ್ರಕಟಣೆಯ ಹಾಳೆ ತೆಗೆದು, ಅದರ ಬೆನ್ನ ಮೇಲೆ, ಹೊಲಿಗೆಯಾಕೆ ಕೊಟ್ಟ ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಿಂದ ಬರೆಯತೊಡಗಿದಳು. ಮೂರನೆಯ ಸಾಲಿನಿಂದ ಇನ್ನೊಬ್ಬಳು ಏನೋ ಸೇರಿಸಿದಳು, ಅದಕ್ಕೆ ದಾದಿ, ಇಲ್ಲ ಅದು ಮುಚ್ಚಿ ವರ್ಷವಾಯಿತು ಎಂದಳು. ಅಪ್ಪ ಮೈಕು ಹಿಡಿದು ನಿಂತಿದ್ದ, ತನ್ನದೇ ಮನೆಯ ಮೀಟರು ಓದಲು ಬಾರದವನಂತೆ. “ನಿಜವಾಗ್ಲೂ ಹೋಗ್ತೀಯಾ... ಹೋಗ್ತೀರಾ?” ಎಂದ.

“ಬೆಳಗ್ಗೆ ಮೊದಲ್ನೇ ಬಸ್ಸು?”

“ಐದೂ ನಲವತ್ತು,” ಎಂದ ಅಪ್ಪ, ತಟ್ಟನೆ.

“ನಾಳೆ ಇದೆಯಾ?”

“ದಿನಾ ಇದೆ.”

ಅಮ್ಮ ಅದನ್ನೂ ಬರೆದುಕೊಂಡಳು. ಹಿಂದೆ ಕೂತವಳು ಕುರ್ಚಿಯ ಅಂಚಿಗೆ ಬಂದಿದ್ದಳು. ನಾಳೆ ಅಂಗಡಿಗೆ ರಜೆ ಹೇಳಬಹುದು, ಐದಕ್ಕೆ ಏಳಬಹುದು, ಚೀಲವನ್ನು ತಾನೇ ಹೊರಬಹುದು. ಈಗ ಅಮ್ಮ ತಿರುಗುತ್ತಾಳೆ. ತಿರುಗಿ, ಮುಖ ಗಂಟಿಕ್ಕಿಕೊಂಡೇ ಆಗಲಿ, ಬರ್ತೀಯಾ ಎನ್ನುತ್ತಾಳೆ. ಬರ್ತೀನಿ ಎಂಬ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತು, ಒಂದು ಸಲ ಒಳಗೇ ಹೇಳಿಯೂ ನೋಡಿದಳು. ತಾನಾಗಿ ಹೇಳಬಾರದು, ಕೇಳುವವರೆಗೆ ಕಾಯಬೇಕು. ಅಮ್ಮನ ಪೆನ್ಸಿಲು ನಿಂತಿತು. ಹಾಳೆಯನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು. ಕೊನೆಗೆ ತಿರುಗಿದಳು.

“ಆ ದೀಪ ಹಾಕು,” ಎಂದಳು. “ಬರೆದಿದ್ದು ಕಾಣ್ತಿಲ್ಲ.”

ಅವಳು ಎದ್ದು ಗುಂಡಿ ಒತ್ತಿದಳು. ನಲವತ್ತು ತಲೆಗಳು ಒಮ್ಮೆಲೇ ಕಣ್ಣು ಕಿರಿದು ಮಾಡಿದವು. ಪರದೆಯ ಮೇಲಿನ ದೋಣಿ, ನೀರು ಬಿಳಿಚಿಕೊಂಡು ಬರೀ ಬಟ್ಟೆಯಾಯಿತು. ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು, ಬರೆದದ್ದನ್ನೆಲ್ಲ ತುಟಿಯಲ್ಲಾಡಿಸಿ ಓದಿಕೊಂಡು, ಮತ್ತೆ ಕೈ ಎತ್ತಿದಳು.